ಟೊಮ್ಯಾಟೊ ಲಾರಿ ಅಡ್ಡ ನಿಂತ ರಾತ್ರಿ: ಒಂದು ತಮಿಳು ರೀಮೇಕ್‌ನ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಬರುವ ಚಿತ್ರ, ಅದರ ಮೂಲ, ನಿರ್ಮಾಪಕ, ನಾಯಕ ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ. ಗುರುತು ಹತ್ತದಿರಲೆಂದು ಕಥೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾವ ನಿರ್ಧಾರ ಯಾವ ಹಂತದಲ್ಲಿ ಆಯಿತು, ಅದನ್ನು ಯಾರು ಏಕೆ ಬಯಸಿದರು, ಅದರ ಫಲ ಎಲ್ಲಿ ಕಾಣಿಸಿಕೊಂಡಿತು ಎಂಬುದನ್ನಷ್ಟೇ ಕ್ರಮವಾಗಿ ಹೇಳುವುದು ಉದ್ದೇಶ. ಚಿತ್ರಕಥೆಯ ತಂಡದಲ್ಲಿದ್ದ ಮೂವರಲ್ಲಿ ನಾನೊಬ್ಬ. ಆ ಮೂವರಲ್ಲಿ ತಮಿಳು ಮನೆಮಾತಲ್ಲದವನೂ ನಾನೊಬ್ಬನೇ. ಆದ್ದರಿಂದ ಇದನ್ನು ಪೂರ್ತಿ ಹೊರಗಿನವನ ವರದಿ ಎಂದಾಗಲಿ, ಪೂರ್ತಿ ಒಳಗಿನವನ ಸಾಕ್ಷಿ ಎಂದಾಗಲಿ ಓದಬೇಕಾಗಿಲ್ಲ.

ಹಿನ್ನೆಲೆ

ವಿದೇಶಿ ಚಿತ್ರದ ಕಥೆ ತಮಿಳಿಗೆ ಬರುವುದು ಹಳೆಯ ರೂಢಿ; ದುಡ್ಡು ಕೊಟ್ಟು, ಕಾಗದ ಮಾಡಿಕೊಂಡು ಬರುವುದು ಅದಕ್ಕೆ ಹೋಲಿಸಿದರೆ ಇತ್ತೀಚಿನದು. ಬರಿಯ ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದ್ದನ್ನು ಚಿತ್ರರಂಗ ತನಗೆ ಬೇಕಾದಂತೆ ಓದಿಕೊಂಡು, ಎಳೆ ಮಾತ್ರ ತೆಗೆದುಕೊಂಡಿದ್ದೇವೆ ಎಂಬ ಸಮಜಾಯಿಷಿಯಲ್ಲಿ ಬಹುಕಾಲ ಕಳೆಯಿತು. ವಿದೇಶಿ ಕಂಪನಿಗಳು ಇಲ್ಲಿನ ಕೋರ್ಟುಗಳ ಮೆಟ್ಟಿಲು ಹತ್ತಲು ಶುರುಮಾಡಿದ ಮೇಲೆ ಆ ಸಮಜಾಯಿಷಿಯ ಬೆಲೆ ಇಳಿಯಿತು.

ನಮ್ಮ ತಂಡ ಕೂತಾಗ ಎದುರಿಗೆ ಎರಡು ಉದಾಹರಣೆಗಳಿದ್ದವು. ಒಂದು, 2011ರ ಫ್ರೆಂಚ್ ಚಿತ್ರ 'ನುಯಿ ಬ್ಲಾಂಶ್' ಅನ್ನು ಆಧರಿಸಿ ರಾಜೇಶ್ ಎಂ. ಸೆಲ್ವ ನಿರ್ದೇಶಿಸಿ ಕಮಲ್ ಹಾಸನ್ ನಟಿಸಿದ 'ತೂಂಗಾ ವನಂ' (2015). ನಮ್ಮ ಪ್ರಕಾಶ್ ರಾಜ್ ಮತ್ತು ಕಿಶೋರ್ ಇಬ್ಬರೂ ಅದರಲ್ಲಿದ್ದಾರೆ. ಇನ್ನೊಂದು, ಅದೇ ನಿರ್ದೇಶಕರು 2010ರ ಫ್ರೆಂಚ್ ಚಿತ್ರ 'ಆ ಬೂ ಪೋರ್ತಾಂ' ಆಧರಿಸಿ ವಿಕ್ರಮ್ ಅವರನ್ನಿಟ್ಟು ಮಾಡಿದ 'ಕಡಾರಂ ಕೊಂಡಾನ್' (2019). ಎರಡೂ ಕಡೆ ಊರಿನ ಪ್ರಶ್ನೆಯನ್ನು ಜಾಣತನದಿಂದಲೇ ಬಗೆಹರಿಸಿಕೊಂಡಿದ್ದಾರೆ. ಮೊದಲನೆಯದರಲ್ಲಿ ಕಥೆಯ ಹೆಚ್ಚು ಭಾಗ ಒಂದು ನೈಟ್‌ಕ್ಲಬ್ಬಿನ ಒಳಗೇ ನಡೆಯುತ್ತದೆ. ನೈಟ್‌ಕ್ಲಬ್ಬಿನ ಅಡುಗೆಮನೆ, ಶೌಚಾಲಯ, ಕತ್ತಲೆ, ಕಿವಿಗಡಚಿಕ್ಕುವ ಸಂಗೀತ ಪ್ಯಾರಿಸ್ಸಿನಲ್ಲಾದರೂ ಒಂದೇ, ಚೆನ್ನೈಯಲ್ಲಾದರೂ ಒಂದೇ. ಎರಡನೆಯದು ಕಥೆಯನ್ನು ಕೌಲಾಲಂಪುರಕ್ಕೆ ಒಯ್ದಿತು: ತಮಿಳರು ತಲೆಮಾರುಗಳಿಂದ ಬದುಕುತ್ತಿರುವ, ಆದರೆ ಪ್ರೇಕ್ಷಕನಿಗೆ ಗಲ್ಲಿಗಲ್ಲಿಯ ಪರಿಚಯವಿಲ್ಲದ ಊರು. 'ಕಡಾರಂ (ಇಂದಿನ ಮಲೇಷ್ಯಾದ ಕೆಡಾ) ಗೆದ್ದವನು' ಎಂಬ ರಾಜೇಂದ್ರ ಚೋಳನ ಬಿರುದನ್ನೇ ಶೀರ್ಷಿಕೆಯಾಗಿಸಿ ಆ ನೆಲಕ್ಕೊಂದು ನೆಂಟಸ್ತಿಕೆಯನ್ನೂ ಕಟ್ಟಿದರು. ಕೊನೆಗೆ ಮಲೇಷ್ಯಾದಲ್ಲೇ ಅದಕ್ಕೆ ಪ್ರದರ್ಶನದ ಅನುಮತಿ ಸಿಗಲಿಲ್ಲ ಎಂಬುದು ಬೇರೆ ಮಾತು.

ನಮ್ಮ ನಿರ್ಮಾಪಕರು ಈ ಎರಡು ದಾರಿಯನ್ನೂ ಬಿಟ್ಟರು. ಅವರು ಹಕ್ಕು ಕೊಂಡದ್ದು ಉತ್ತರ ಯುರೋಪಿನ ಒಂದು ಪುಟ್ಟ ಚಿತ್ರಕ್ಕೆ. ಅವಧಿ ಒಂದೂವರೆ ಗಂಟೆ, ಕಥೆ ಒಂದೇ ರಾತ್ರಿಯದು. ಕೆಟ್ಟು ನಿಂತ ಗಾಡಿಗಳನ್ನು ಎಳೆದೊಯ್ಯುವ ರಿಕವರಿ ವ್ಯಾನಿನ ಚಾಲಕನೊಬ್ಬ ಮಾಮೂಲಿಯಂತೆ ಒಂದು ಕಾರನ್ನು ಕೊಕ್ಕೆಗೆ ಹಾಕಿಕೊಳ್ಳುತ್ತಾನೆ. ಕಾರಿನ ಡಿಕ್ಕಿಯಲ್ಲಿರುವುದು ಯಾರಿಗೋ ಬೇಕಾದ ವಸ್ತು. ಅವನ ತಂಗಿಯನ್ನು ಒತ್ತೆ ಇಟ್ಟುಕೊಂಡವರು ಬೆಳಗಿನ ಐದರೊಳಗೆ ಕಾರನ್ನು ಊರಿನ ಇನ್ನೊಂದು ತುದಿಗೆ ತಲುಪಿಸಬೇಕೆನ್ನುತ್ತಾರೆ. ಪೊಲೀಸರಲ್ಲೊಬ್ಬ ಅವರ ಕಡೆಯವನು. ಅಷ್ಟೇ ಕಥೆ. ನಿರ್ಮಾಪಕರ ಬಯಕೆ, ಇದು ಚೆನ್ನೈಯಲ್ಲೇ, ಚೆನ್ನೈಯ ಬೀದಿಗಳಲ್ಲೇ ನಡೆಯಬೇಕೆಂಬುದು. ಹಣದ ದೃಷ್ಟಿಯಿಂದ ಅದು ಸರಿಯಾಗಿತ್ತು, ಅಭಿಮಾನದ ದೃಷ್ಟಿಯಿಂದಲೂ ಸರಿಯಾಗಿತ್ತು. ಒಪ್ಪಂದದ ಪ್ರಕಾರ ಎರಡು ವರ್ಷದೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಹಕ್ಕು ವಾಪಸ್ಸು. ನಮ್ಮನ್ನು ಕರೆಸಿಕೊಳ್ಳುವ ಹೊತ್ತಿಗೆ ಅದರಲ್ಲಿ ಹದಿನಾಲ್ಕು ತಿಂಗಳು ಮುಗಿದಿದ್ದವು.

ಬಾಗಿಲ ಬಳಿಯಿಂದ ಬಂದ ಪ್ರಶ್ನೆ

ಮೊದಲ ಕರಡು ಐದು ವಾರದಲ್ಲಿ ಸಿದ್ಧವಾಯಿತು, ಏಕೆಂದರೆ ಅದು ಮೂಲದ ನೆರಳಚ್ಚು. ಹೆಸರು ಬದಲಾಗಿತ್ತು, ಊಟ ಬದಲಾಗಿತ್ತು, ಹಿಮದ ಬದಲು ಮಳೆ ಬಂದಿತ್ತು. ಚೆನ್ನೈಯ ಸಾಲಿಗ್ರಾಮದ ಆಫೀಸಿನಲ್ಲಿ ಒಂದು ಸಂಜೆ ಇಡೀ ಕರಡನ್ನು ಗಟ್ಟಿಯಾಗಿ ಓದಿದೆವು. ಹೊರಗೆ ನಿಜಕ್ಕೂ ಮಳೆ ಬರುತ್ತಿದ್ದುದರಿಂದ ಪ್ರೊಡಕ್ಷನ್ ಗಾಡಿಯ ಚಾಲಕ ಒಳಗೆ ಬಂದು, ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂತು ಕೇಳಿಸಿಕೊಳ್ಳುತ್ತಿದ್ದ. ನಿರ್ದೇಶಕರು ಓದು ಮುಗಿಸಿ, ಹೇಗಿದೆ ಎಂದು ಸುತ್ತ ನೋಡಿದಾಗ, ಉಳಿದವರೆಲ್ಲ ತಲೆಯಾಡಿಸಿದರು. ಅವನು ಮಾತ್ರ ಸಂಕೋಚದಿಂದಲೇ ಕೇಳಿದ: "ಸ್ಟ್ಯಾಂಡುಕ್ಕು ಒರು ಫೋನ್ ಪೋಟ್ಟಾ ಪೋದುಮೇ, ಸಾರ್?" ಸ್ಟ್ಯಾಂಡಿಗೆ ಒಂದು ಫೋನು ಹಾಕಿದರೆ ಸಾಕಲ್ಲವೇ ಎಂದು ಅದರ ಅರ್ಥ.

ಪ್ರಕರಣದ ಮೊದಲ ತಿರುವು ಇದೇ. ಯುರೋಪಿನ ಆ ಚಾಲಕ ಒಬ್ಬಂಟಿ. ಅವನ ಒಬ್ಬಂಟಿತನವನ್ನು ಆ ಚಿತ್ರ ಎಲ್ಲಿಯೂ ವಿವರಿಸುವುದಿಲ್ಲ, ವಿವರಿಸಬೇಕಾಗಿಯೂ ಇಲ್ಲ, ಏಕೆಂದರೆ ಚಳಿಗಾಲದ ರಾತ್ರಿ ಆ ಊರಿನಲ್ಲಿ ಎಲ್ಲರ ಬಾಗಿಲೂ ಹಾಕಿರುತ್ತದೆ. ಚೆನ್ನೈಯ ಚಾಲಕನಿಗೆ ಸ್ಟ್ಯಾಂಡ್ ಇದೆ, ಸ್ಟ್ಯಾಂಡಿಗೆ ಹೆಸರುಹಲಗೆ ಇದೆ, ಸಂಘವಿದೆ, ಸಂಘಕ್ಕೊಬ್ಬ ತಲೈವರ್ ಇದ್ದಾರೆ, ಆಯುಧಪೂಜೆಗೆ ಸೇರಿಸಿದ ಚಂದಾದ ಲೆಕ್ಕವಿದೆ. ಇವನ ತಂಗಿಯನ್ನು ಯಾರೋ ಹಿಡಿದಿಟ್ಟುಕೊಂಡಿದ್ದಾರೆಂದು ತಿಳಿದರೆ ಅರ್ಧ ಗಂಟೆಯಲ್ಲಿ ನಲವತ್ತು ಆಟೋ ಬಂದು ನಿಲ್ಲುತ್ತವೆ. ಪೊಲೀಸರಿಗೆ ಏಕೆ ಹೇಳುವುದಿಲ್ಲ ಎಂಬುದಕ್ಕೆ ಮೂಲ ಚಿತ್ರ ಉತ್ತರ ಕೊಟ್ಟಿತ್ತು. ತನ್ನವರಿಗೆ ಏಕೆ ಹೇಳುವುದಿಲ್ಲ ಎಂಬ ಪ್ರಶ್ನೆ ಅದಕ್ಕೆ ಎದುರಾಗಿಯೇ ಇರಲಿಲ್ಲ.

ಇದಕ್ಕೆ ಅಂಟಿಕೊಂಡಂತೆ ಇನ್ನೊಂದು ತೊಡಕಿತ್ತು. ಮೂಲದ ಎರಡು ದೊಡ್ಡ ಬೆನ್ನಟ್ಟುವಿಕೆಗಳು ನಡೆಯುವುದು ನಿರ್ಜನ ರಸ್ತೆಯಲ್ಲಿ. ರಾತ್ರಿ ಎರಡು ಗಂಟೆಗೆ ಚೆನ್ನೈಯ ಕೆಲವು ರಸ್ತೆಗಳು ಖಾಲಿ ಇರುತ್ತವೆ, ನಿಜ. ಆದರೆ ನಮ್ಮ ಕಥೆಯ ನಕ್ಷೆಯ ಪ್ರಕಾರ ವ್ಯಾನು ದಾಟಬೇಕಾಗಿದ್ದುದು ಕೋಯಂಬೇಡನ್ನು. ಊರೆಲ್ಲ ಮಲಗಿದಾಗ ಏಳುವ ಜಾಗ ಅದು. ತರಕಾರಿ, ಹೂವು, ಹಣ್ಣಿನ ಲಾರಿಗಳು ನಡುರಾತ್ರಿಯಿಂದ ಸಾಲುಗಟ್ಟಿ, ಬೆಳಕು ಹರಿಯುವ ಮೊದಲೇ ಸಗಟು ವ್ಯಾಪಾರ ಭರಾಟೆಗೆ ಬಂದಿರುತ್ತದೆ.

ಬಂದೂಕಿನ ವಿಷಯದಲ್ಲಿ ಹೆಚ್ಚು ಚರ್ಚೆ ಆಗಲಿಲ್ಲ. ಮೂಲ ಚಿತ್ರದಲ್ಲಿ ಎಲ್ಲರ ಕೈಗೂ ಸುಲಭವಾಗಿ ಸಿಗುವ ಪಿಸ್ತೂಲು ಇಲ್ಲಿನ ಚಾಲಕನ ಕೈಗೆ ಹೇಗೆ ಬಂತೆಂದು ಹೇಳಲು ಹೊರಟರೆ ಅದೇ ಇನ್ನೊಂದು ಚಿತ್ರವಾಗುತ್ತದೆ. ಕನ್ನಡದಲ್ಲಾಗಿದ್ದರೆ ಯಾರಾದರೂ ಲಾಂಗು ಎಂದುಬಿಡುತ್ತಿದ್ದರು. ಸಾಹಸ ನಿರ್ದೇಶಕರು ವ್ಯಾನಿನ ಸರಪಳಿಯನ್ನೂ ಕೊಕ್ಕೆಯನ್ನೂ ಒಮ್ಮೆ ಕೈಯಲ್ಲಿ ತೂಗಿ ನೋಡಿ, "ಇದು ಸಾಕು" ಎಂದರು. ಮಾಸ್ಟರ್ ಹೇಳಿದ ಮೇಲೆ ಮುಗಿಯಿತು.

ಮಾಡಿ ನೋಡಿದ ಉಪಾಯಗಳು

ನಾಯಕನ ಫೋನನ್ನು ಮಳೆಯಲ್ಲಿ ಕೆಡಿಸಿ ನೋಡಿದೆವು. ಟೀ ಅಂಗಡಿಯಲ್ಲಿ ಯಾರೂ ಫೋನು ಕೊಡದಿರುವ ಊರೇ ಇದು ಎಂದು ನಾವೇ ನಕ್ಕು ಕೈಬಿಟ್ಟೆವು. ಅವನನ್ನು ಈ ಊರಿಗೆ ಹೊಸಬನನ್ನಾಗಿ ಮಾಡಿದೆವು. ಹೊಸಬನಿಗೆ ರಸ್ತೆ ಗೊತ್ತಿರುವುದಿಲ್ಲ, ರಸ್ತೆ ಗೊತ್ತಿರದವನಿಗೆ ಈ ಕೆಲಸ ಕೊಡುವವರಿಲ್ಲ. ಮೂರನೆಯದು ನಿಂತಿತು: ಅವನು ಹಿಂದೊಮ್ಮೆ ಸಂಘದ ಮುಷ್ಕರದ ವೇಳೆ ಮಾಲೀಕರಿಂದ ದುಡ್ಡು ತೆಗೆದುಕೊಂಡು ಗಾಡಿ ಓಡಿಸಿದ್ದಾನೆ, ಮುಷ್ಕರ ಮುರಿದಿದೆ, ಅಂದಿನಿಂದ ಸ್ಟ್ಯಾಂಡು ಅವನನ್ನು ಹೊರಗಿಟ್ಟಿದೆ. ಅವನಿಗೆ ಫೋನು ಇದೆ, ನಂಬರುಗಳೂ ಬಾಯಿಪಾಠ ಇವೆ, ಹಾಕುವ ಮುಖವಿಲ್ಲ.

ಇದನ್ನು ಪ್ರೇಕ್ಷಕನಿಗೆ ಹೇಳಲು ಒಂದೂವರೆ ಪುಟದ ದೃಶ್ಯ ಬರೆದೆವು. ರಾತ್ರಿ ಹನ್ನೊಂದೂವರೆಗೆ ನಾಯಕ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಗೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಾನೆ. ಅದೇ ಬೆಂಚಿನಲ್ಲಿದ್ದ ಇಬ್ಬರು ಮಾತಿಲ್ಲದೆ ಎದ್ದು, ಗ್ಲಾಸು ಹಿಡಿದುಕೊಂಡೇ ಮಳೆಗೆ ಹೋಗಿ ನಿಲ್ಲುತ್ತಾರೆ. ಭಾರ ಒಂದೇ ಕಡೆಗಾಗಿ ಬೆಂಚು ಮೇಲೇಳುತ್ತದೆ. ಅವನು ಬೀಳದಂತೆ ಜರುಗಿ ನಡುವೆ ಕೂರುತ್ತಾನೆ. ಟೀ ಅಂಗಡಿಯವನು ದುಡ್ಡು ತೆಗೆದುಕೊಳ್ಳುತ್ತಾನೆ, ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲಿಡುತ್ತಾನೆ. ಯಾರೂ ಏನೂ ಹೇಳುವುದಿಲ್ಲ.

ಕೋಯಂಬೇಡಿನ ತೊಡಕಿಗೂ ಇದೇ ಬಗೆಯ ಉತ್ತರ ಸಿಕ್ಕಿತು. ಖಾಲಿ ರಸ್ತೆಗಾಗಿ ಹುಡುಕುವುದನ್ನು ಬಿಟ್ಟು, ತುಂಬಿದ ರಸ್ತೆಯನ್ನೇ ತೊಂದರೆಯನ್ನಾಗಿ ಮಾಡಿದೆವು. ಮಾರುಕಟ್ಟೆಯ ಬಾಯಲ್ಲಿ ಟೊಮ್ಯಾಟೊ ಲಾರಿಯೊಂದು ಆಕ್ಸೆಲ್ ಮುರಿದು ಅಡ್ಡ ನಿಂತಿದೆ, ಹಿಂದೆ ಇಪ್ಪತ್ತು ಲಾರಿ, ಎಲ್ಲರೂ ಹಾರ್ನು ಬಾರಿಸುತ್ತಿದ್ದಾರೆ. ಆ ಹೊತ್ತಿಗೆ ಸರಿಯಾಗಿ ರಿಕವರಿ ವ್ಯಾನ್ ಬರುತ್ತದೆ. ದೇವರೇ ಕಳಿಸಿದನೆಂದು ಜನ ಅದನ್ನು ಮುತ್ತಿಕೊಳ್ಳುತ್ತಾರೆ. ತನ್ನ ದಾರಿ ಬಿಡಿಸಿಕೊಳ್ಳಬೇಕಾದರೆ ನಾಯಕ ಆ ಲಾರಿಯನ್ನು ಎಳೆಯಲೇಬೇಕು. ಅದನ್ನು ಎಳೆಯಲು ಕೊಕ್ಕೆಯಲ್ಲಿರುವ ಕಾರನ್ನು ಇಳಿಸಲೇಬೇಕು. ಕಾರು ಇಳಿದರೆ ಡಿಕ್ಕಿಯ ಬಳಿಗೆ ಯಾರು ಬೇಕಾದರೂ ಹೋಗಬಹುದು. ಮೂಲ ಚಿತ್ರದಲ್ಲಿ ಇದರ ಸುಳಿವೂ ಇಲ್ಲ. ಚೆನ್ನೈಗೆ ಟೊಮ್ಯಾಟೊ ಬರುವ ಮುಖ್ಯ ಕಡೆಗಳಲ್ಲಿ ಕೋಲಾರವೂ ಒಂದಾದ್ದರಿಂದ ಲಾರಿಗೆ ಕೆಎ 07 ನಂಬರ್ ಹಾಕಿಸಿದೆವು, ಅದರ ಚಾಲಕನ ಬಾಯಲ್ಲಿ ಕೋಲಾರದ ಕಡೆಯ, ತೆಲುಗು ಬೆರೆತ ಕನ್ನಡವನ್ನು ನಾನೇ ಬರೆದೆ. "ಅಣ್ಣಾ, ಹಣ್ಣು ಬಿಸಿಯಾದ್ರೆ ನಾಲ್ಕು ಗಂಟೇಲಿ ರಸ, ಒಸಿ ಎಳೀರಿ" ಎಂದು ಅವನು ಅಂಗಲಾಚುತ್ತಾನೆ. ನಾಯಕನಿಗೂ ಬೆಳಗಿನ ಐದರ ಗಡುವು, ಅವನಿಗೂ ಗಡುವು.

ಗೋಡೆಯ ಮೇಲಿನ ಹಾಳೆ

ತಂಡದ ಸಹಾಯಕಿಯೊಬ್ಬರು ಈ ಹಂತದಲ್ಲಿ ಒಂದು ಉಪಕಾರ ಮಾಡಿದರು. ಉದ್ದನೆಯ ಡ್ರಾಯಿಂಗ್ ಹಾಳೆಯನ್ನು ಗೋಡೆಗೆ ಅಂಟಿಸಿ, ಪ್ರತಿ ದೃಶ್ಯಕ್ಕೂ ಕಥೆಯೊಳಗೆ ಆಗ ಗಂಟೆ ಎಷ್ಟೆಂದು ಕೆಂಪಿನಲ್ಲಿ, ತೆರೆಯ ಮೇಲೆ ಅದು ಎಷ್ಟು ನಿಮಿಷವೆಂದು ನೀಲಿಯಲ್ಲಿ ಬರೆದರು. ಗಡುವಿನ ಕಥೆಯಲ್ಲಿ ಈ ಎರಡು ಬಣ್ಣಗಳ ನಡುವಿನ ಸಂಬಂಧವೇ ಪ್ರೇಕ್ಷಕನ ಎದೆಬಡಿತ. ಅಲ್ಲಿಯವರೆಗೆ ಕೆಂಪು ಎಲ್ಲಿಯೂ ನಿಂತಿರಲಿಲ್ಲ.

ಅದು ನಿಂತದ್ದು ನಾಯಕನಟರು ಪೂರ್ತಿ ಚಿತ್ರಕಥೆ ಕೇಳಿದ ಮೇಲೆ. ಅವರ ವಾದವನ್ನು ಹಗುರವಾಗಿ ಕಾಣಬಾರದು. ತನ್ನನ್ನು ಎಲ್ಲರೂ ದೂರ ಇಟ್ಟಿದ್ದಾರೆಂದು ತನ್ನ ಅಭಿಮಾನಿ ಒಪ್ಪಬೇಕಾದರೆ, ಇಟ್ಟದ್ದು ತಪ್ಪೆಂದೂ ಅವನಿಗೆ ತಿಳಿದಿರಬೇಕು ಎಂದು ಅವರು ಹೇಳಿದರು. ತಾರೆಯಾದವನು ಹಿಂದಿನ ಚಿತ್ರಗಳ ಗುಣವನ್ನೆಲ್ಲ ಹೊತ್ತುಕೊಂಡೇ ಹೊಸ ಪಾತ್ರದೊಳಗೆ ಬರುತ್ತಾನೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆಯುವುದೂ ಒಂದು ಬಗೆಯ ಅಜ್ಞಾನವೇ. ಫ್ರೆಂಚಿನಲ್ಲಿ ಅಪಹರಣವಾದ ಹೆಂಡತಿಯನ್ನು ಬಿಡಿಸಿಕೊಳ್ಳಲು ಹೊರಟ ಸಾಮಾನ್ಯ ಗಂಡನ ಕಥೆಯಾಗಿದ್ದದ್ದು 'ಕಡಾರಂ ಕೊಂಡಾನ್'ನಲ್ಲಿ ಅವನ ಜೊತೆ ಓಡುವ ನಿಗೂಢ ಮನುಷ್ಯನ ಕಥೆಯಾದದ್ದೂ ಇದೇ ಕಾರಣಕ್ಕೆ, ಆ ಮನುಷ್ಯ ವಿಕ್ರಮ್ ಆದ್ದರಿಂದ.

ಹೀಗೆ, ಮುಷ್ಕರ ಮುರಿದದ್ದು ನಾಯಕನಲ್ಲ, ಅವನ ಹೆಸರಿನಲ್ಲಿ ಇನ್ನೊಬ್ಬ ಎಂದಾಯಿತು. ಇದನ್ನು ಹೇಳಲು ಮಧ್ಯಂತರವಾದ ಕೂಡಲೇ ಹದಿನೆಂಟು ನಿಮಿಷದ ಫ್ಲ್ಯಾಶ್‌ಬ್ಯಾಕ್ ಬಂತು. ಫ್ಲ್ಯಾಶ್‌ಬ್ಯಾಕಿಗೆ ಪೊಂಗಲ್ ಬಂತು, ಪೊಂಗಲ್‌ಗೆ ಹಾಡು ಬಂತು. ಗೋಡೆಯ ಹಾಳೆಯಲ್ಲಿ ಆ ಜಾಗದಲ್ಲಿ ನೀಲಿ ಅಂಕಿಗಳು ಸಾಲಾಗಿ ಇಳಿಯುತ್ತಿದ್ದವು, ಕೆಂಪಿನಲ್ಲಿ 2.10 ಎಂಬುದು ಒಂದೇ ಒಂದು ಸಲ ಇತ್ತು. ನಿಂತ ಗಡಿಯಾರ ಎಲ್ಲರ ಕಣ್ಣಿಗೂ ಬಿತ್ತು. ಕಥೆಯ ಒಳಗೆ ಆದ ಇನ್ನೊಂದು ನಷ್ಟ ನನ್ನನ್ನೂ ಸೇರಿಸಿ ಯಾರ ಕಣ್ಣಿಗೂ ಆಗ ಬೀಳಲಿಲ್ಲ. ತಪ್ಪು ಮಾಡಿದವನಿಗಾಗಿ ಕೊನೆಯಲ್ಲಿ ಸ್ಟ್ಯಾಂಡಿನವರು ಬಂದರೆ ಅದು ಕ್ಷಮೆ. ತಪ್ಪೇ ಮಾಡದವನಿಗಾಗಿ ಬಂದರೆ ಅದು ಬರಿಯ ತಿದ್ದುಪಡಿ. ನಲವತ್ತು ಆಟೋಗಳ ದೀಪ ಒಟ್ಟಿಗೆ ಹತ್ತುವ ಆ ಕೊನೆಯ ದೃಶ್ಯದ ಬಲವೆಲ್ಲ ನಾಯಕನ ಅಪರಾಧದಲ್ಲಿತ್ತು, ಅದನ್ನೇ ನಾವು ಕಿತ್ತು ಹಾಕಿದ್ದೆವು.

ಸಂಕಲನಕಾರರು ಹಿರಿಯರು, ನಿರ್ದೇಶಕರು ಅವರನ್ನು ಅಣ್ಣಾ ಎಂದೇ ಕರೆಯುವುದು. ಬೆಂಚಿನ ದೃಶ್ಯ ಓದಿ ಅವರು, ಇದಿದ್ದರೆ ಫ್ಲ್ಯಾಶ್‌ಬ್ಯಾಕ್ ಬೇಡ, ಫ್ಲ್ಯಾಶ್‌ಬ್ಯಾಕ್ ಇದ್ದರೆ ಇದು ಬೇಡ, ಒಂದನ್ನು ಆರಿಸಿಕೋ ತಂಬಿ ಎಂದರು. ನಿರ್ದೇಶಕರು ಒಪ್ಪಿದಂತೆ ಕಂಡರು. ಆದರೆ ಹಕ್ಕಿನ ಅವಧಿ ಮುಗಿಯುತ್ತ ಬಂದಿತ್ತು, ನಾಯಕರ ಕಾಲ್‌ಶೀಟ್ ಸಿಕ್ಕಿತ್ತು, ನಿರ್ಮಾಪಕರ ಜೊತೆ ಜಗಳಕ್ಕೆ ಯಾರಿಗೂ ತ್ರಾಣವಿರಲಿಲ್ಲ. ಎರಡನ್ನೂ ಚಿತ್ರೀಕರಿಸೋಣ, ಎಡಿಟಿಂಗ್ ಟೇಬಲ್ಲಿನಲ್ಲಿ ನೋಡಿಕೊಳ್ಳೋಣ ಎಂಬ ಮಾತು ಬಂತು. ಈ ಪ್ರಕರಣದ ಎರಡನೆಯ ತಿರುವು ಇದು, ನನ್ನ ಎಣಿಕೆಯಲ್ಲಿ ದೊಡ್ಡದೂ ಇದೇ. ದುಡ್ಡು ಸುರಿದು ತೆಗೆದ ಹಾಡನ್ನು ಟೇಬಲ್ಲಿನ ಮೇಲೆ ಕತ್ತರಿಸುವ ಧೈರ್ಯ, ಕಾಗದದ ಮೇಲೆ ಒಂದು ಗೆರೆ ಎಳೆಯುವ ಧೈರ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನದು ಬೇಕಾಗುತ್ತದೆ. ಕಡಿಮೆಯದೇ ನಮ್ಮಲ್ಲಿರಲಿಲ್ಲ.

ನಡೆದದ್ದು

ಮಾರುಕಟ್ಟೆಯ ದೃಶ್ಯವನ್ನು ರಜೆಯ ದಿನ ನೋಡಿಕೊಂಡು, ಬಾಡಿಗೆ ಲಾರಿಗಳನ್ನು ನಿಲ್ಲಿಸಿಕೊಂಡು ತೆಗೆದೆವು. ಪರದೆಯಲ್ಲಿ ಹರಿದ ರಸ ನಿಜವಾದ ಟೊಮ್ಯಾಟೊ ಹಣ್ಣಿನದು. ಎರಡನೆಯ ರಾತ್ರಿಗೆ ಅದು ಹುಳಿತು ಇಡೀ ಯೂನಿಟ್ಟು ಮೂಗು ಮುಚ್ಚಿಕೊಂಡು ಕೆಲಸ ಮಾಡಿತು. ಸೆನ್ಸಾರ್‌ನಲ್ಲಿ ಸರಪಳಿಯ ಹೊಡೆತಗಳನ್ನು ಒಂದಷ್ಟು ಮೊಟಕುಗೊಳಿಸಿಕೊಂಡೆವು, ಏಕೆಂದರೆ 'ಎ' ಪ್ರಮಾಣಪತ್ರ ಬಂದರೆ ಚಿತ್ರವನ್ನು ಅದೇ ರೂಪದಲ್ಲಿ ಟಿವಿಯಲ್ಲಿ ತೋರಿಸುವಂತಿಲ್ಲ, ಟಿವಿ ಹಕ್ಕು ಮಾರದೆ ಲೆಕ್ಕ ಕೂಡುತ್ತಿರಲಿಲ್ಲ.

ಮೊದಲ ದಿನ ಸಂಜೆಯ ಆಟಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಬೆಂಚು ಮೇಲೆದ್ದಾಗ ಥಿಯೇಟರಿನಲ್ಲಿ ಒಂದು ಉಸಿರು ಕೇಳಿಸಿತು. ಮಾರುಕಟ್ಟೆಯಲ್ಲಿ ಕಾರನ್ನು ಕೊಕ್ಕೆಯಿಂದ ಇಳಿಸುವಾಗ ಮುಂದಿನ ಸಾಲಿನವನೊಬ್ಬ ಬೇಡ ಬೇಡ ಎಂದು ಪರದೆಗೆ ಹೇಳಿದ. ಮಧ್ಯಂತರವಾಯಿತು. ಪೊಂಗಲ್ ಬಂತು, ಹಾಡು ಶುರುವಾಯಿತು, ಕತ್ತಲಲ್ಲಿ ಒಂದೊಂದಾಗಿ ಮೊಬೈಲುಗಳು ಬೆಳಗಿದವು. ಮಿಂಚುಹುಳದಂತೆ ಕಂಡಿತೆಂದು ಬರೆಯಬಹುದಿತ್ತು. ಆ ಹೊತ್ತಿಗೆ ನನಗೆ ಹಾಗೇನೂ ಕಾಣಲಿಲ್ಲ.

ಮೂರನೆಯ ದಿನ ಟ್ರಿಮ್ ಮಾಡಿದರು. ಪ್ರಮಾಣಪತ್ರ ಸಿಕ್ಕ ಮೇಲೆ ಮಾಡಿದ ಕತ್ತರಿಯನ್ನೂ ಮಂಡಳಿಗೆ ತಿಳಿಸಬೇಕಾದ್ದರಿಂದ ಅದಕ್ಕೊಂದು ಓಡಾಟವಾಯಿತು. ಹದಿನೆಂಟು ನಿಮಿಷ ಏಳಾಯಿತು, ಹಾಡು ಹೋಯಿತು. ಆದರೆ ಅವಸರದ ಕತ್ತರಿ ಬೇರೆಡೆಯ ದಾರವನ್ನೂ ಎಳೆಯಿತು: ಕೊನೆಯಲ್ಲಿ ಸಂಘದ ತಲೈವರ್ "ಆ ಪೊಂಗಲ್ ದಿನ ನಾನು ನಿನ್ನ ಮುಖ ನೋಡಬೇಕಿತ್ತು" ಎನ್ನುತ್ತಾರೆ, ಹೊಸ ಪ್ರತಿಯಲ್ಲಿ ಪೊಂಗಲ್ಲೇ ಇಲ್ಲ. ಡಬ್ಬಿಂಗ್ ಮತ್ತೆ ಮಾಡಿಸಲು ಸಮಯವಿರಲಿಲ್ಲ. ಥಿಯೇಟರಿನ ಹಣ ಹಾಕಿದ್ದಕ್ಕೆ ಸಾಲಲಿಲ್ಲ. ಟಿವಿ ಮತ್ತು ಒಟಿಟಿ ಸೇರಿ ನಿರ್ಮಾಪಕರನ್ನು ಮುಳುಗದಂತೆ ಉಳಿಸಿದವು.

ಕನ್ನಡಕ್ಕೂ ಚಿತ್ರ ಡಬ್ ಆಯಿತು. ಡಬ್ಬಿಂಗ್ ತಡೆಯುವುದು ತಪ್ಪೆಂದು ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿದ ಮೇಲೆ ಈ ದಾರಿ ತೆರೆದಿತ್ತು, ಸಂಭಾಷಣೆಯ ಕೆಲಸ ನನ್ನ ಪಾಲಿಗೇ ಬಂತು. ಅಲ್ಲಿ ಒಂದು ಸಣ್ಣ ಪೇಚು ಎದುರಾಯಿತು. ತಮಿಳಿನಲ್ಲಿ ಕೋಲಾರದ ಲಾರಿಯವನು ಭಾಷೆ ಬಾರದ ಪರಊರಿನವನು. ಅವನ ಪರದಾಟದಲ್ಲೇ ದೃಶ್ಯದ ಅರ್ಧ ಜೀವ. ಎಲ್ಲರೂ ಕನ್ನಡ ಆಡುವ ಪ್ರತಿಯಲ್ಲಿ ಅವನ ಪರಕೀಯತೆ ಇಂಗಿಹೋಯಿತು. ಅವನ ಮಾತಿನಲ್ಲಿ ತೆಲುಗನ್ನು ಇನ್ನಷ್ಟು ಹೆಚ್ಚಿಸಿ ನೋಡಿದೆ. ಚೆನ್ನೈಯಲ್ಲಿ ಚೆನ್ನೈಯವರೆಲ್ಲ ಮೈಸೂರು ಕನ್ನಡ ಆಡುತ್ತಿರುವಾಗ, ಕರ್ನಾಟಕದವನೊಬ್ಬನೇ ಅರೆಬರೆ ಕನ್ನಡ ಆಡುವ ವಿಚಿತ್ರ ಹುಟ್ಟಿಕೊಂಡಿತು. ಅದನ್ನು ಹಾಗೆಯೇ ಬಿಟ್ಟೆ.

ಒಪ್ಪಂದದ ಇನ್ನೊಂದು ಪುಟ

ನಿರ್ಮಾಪಕರು ಹಿಂದಿ ಡಬ್ಬಿಂಗ್ ಹಕ್ಕನ್ನು ಮಾರಲು ಹೊರಟಾಗ ವಕೀಲರು ಒಪ್ಪಂದವನ್ನು ಮೊದಲ ಸಲ ಪೂರ್ತಿ ಓದಿದರು. ನಮಗಿದ್ದದ್ದು ತಮಿಳಿನಲ್ಲಿ ತಯಾರಿಸುವ ಮತ್ತು ದಕ್ಷಿಣದ ಉಳಿದ ಮೂರು ಭಾಷೆಗಳಿಗೆ ಡಬ್ ಮಾಡುವ ಹಕ್ಕು. ಹಿಂದಿಯನ್ನು ಮೂಲ ಕಂಪನಿ ಮುಂಬೈಯ ಇನ್ನೊಬ್ಬರಿಗೆ ಮೊದಲೇ ಕೊಟ್ಟಿತ್ತು. ಹಣ ಹೊಂದಿಸುವಾಗ ಹಿಂದಿ ಡಬ್ಬಿಂಗ್‌ನಿಂದ ಇಷ್ಟು ಬರುತ್ತದೆಂದು ಎಲ್ಲರೂ ಬರೆದುಕೊಂಡಿದ್ದ ಸಾಲು ಹಾಗೆ ಅಳಿಸಿಹೋಯಿತು. ನಾವು ಗೋಡೆಗೆ ಅಂಟಿಸಿಕೊಂಡಿದ್ದು ಸಮಯದ ಹಾಳೆಯನ್ನು ಮಾತ್ರ. ಅದರ ಪಕ್ಕದಲ್ಲಿ ಒಪ್ಪಂದದ ಪ್ರತಿಯೂ ಇರಬೇಕಾಗಿತ್ತೆಂದು ಈಗ ಅನ್ನಿಸುತ್ತದೆ.

ಅದೇ ಪುಟದಲ್ಲಿ ಇನ್ನೊಂದು ಕಲಮಿತ್ತು. ರೀಮೇಕ್‌ಗಾಗಿ ಹೊಸದಾಗಿ ಸೃಷ್ಟಿಸಿದ ಪಾತ್ರ, ಪ್ರಸಂಗಗಳನ್ನು ಬೇರೆ ರೀಮೇಕ್‌ಗಳಲ್ಲಿ ಬಳಸುವ ಹಕ್ಕು ಮೂಲ ಕಂಪನಿಗೆ ಸೇರುತ್ತದೆ ಎಂದು. ಮುಂಬೈಯವರು ನಮ್ಮ ಚಿತ್ರವನ್ನು ನೋಡಿ, ಫ್ಲ್ಯಾಶ್‌ಬ್ಯಾಕನ್ನು ಮುಟ್ಟದೆ, ಮಾರುಕಟ್ಟೆಯ ದೃಶ್ಯವೊಂದನ್ನು ಯುರೋಪಿನವರಿಂದ ಕೇಳಿ ಪಡೆದರು. ಅವರ ತಂಡದಲ್ಲಿರುವ ಪರಿಚಯದವರೊಬ್ಬರು ಮೊನ್ನೆ ಫೋನು ಮಾಡಿ, ಆಕ್ಸೆಲ್ ಮುರಿದ ಲಾರಿಯನ್ನು ಎಳೆಯುವ ಮುಂಚೆ ಸರಕನ್ನು ಇಳಿಸಬೇಕೋ ಬೇಡವೋ ಎಂದು ಕೇಳಿದರು. ನಾವು ಇಳಿಸದೆ ತೆಗೆದೆವು, ಹಗ್ಗ ಎರಡು ಸಲ ಹರಿಯಿತು ಎಂದೆ. ಅವರ ಕರಡಿನಲ್ಲಿ ಅದು ನಾಸಿಕದಿಂದ ವಾಶಿ ಮಾರುಕಟ್ಟೆಗೆ ಬರುವ ಈರುಳ್ಳಿ ಲಾರಿಯಂತೆ.